ಸಂಕ ಹಾಕಿದವನು ದಾನಿಯೋ?



ಒಬ್ಬನು ತನ್ನ ಗದ್ದೆಗೆ ನೀರು ಹಾಯಿಸುವದಕ್ಕಾಗಿ, ನೆರೆಯವನು ಹಿಂದಿನಿಂದಲೂ ನಡೆಯುತ್ತಿದ್ದ ದಾರಿಯನ್ನು ಕಡಿದು ಕಾಲುವೆ ತೋಡಿದನೆನ್ನೋಣ. ಬಳಿಕ ಅದರ ಮೇಲೊಂದು ಸಂಕವನ್ನು ಹಾಕಿಸಿದರೆ ಅವನನ್ನು ದಾನಿಯೆಂದು ಹೊಗಳಬಹುದೋ? ಕೂಡದು, ತೆಗೆದದ್ದನ್ನು ಹಿಂದಕ್ಕೆ ಕೊಟ್ಟನು, ಅಷ್ಟೇ. ಆ ನೆರೆಯವನು ಮನುಷ್ಯನಾಗಿರದೆ ಬಾಯಿಲ್ಲದ ಮೃಗವಾಗಿದ್ದರೆ ಈ ತೀರ್ಪು ಬದಲಾಗುವದೋ ಎಂಬದೇ ನಮ್ಮ ಪ್ರಶ್ನೆ.

ಅಮೇರಿಕ ದೇಶದ ಅರಿಜೋನ ಸಂಸ್ಥಾನದಲ್ಲಿ ಬ್ಲ್ಯಾಕ್ ಪರ್ವತಗಳೆಂಬ ಒಣ ಬೆಟ್ಟಸಾಲು ಉಂಟು. ಅಲ್ಲಿ ದೊಡ್ಡ ಕೊಂಬಿನ ಕಾಡುಕುರಿಗಳು ನೀರನ್ನೂ ಮೇವನ್ನೂ ಅರಸುತ್ತಾ ಬೆಟ್ಟದಿಂದ ಬೆಟ್ಟಕ್ಕೆ ಹೋಗುವವು. ಹೂವರ್ ಅಣೆಕಟ್ಟಿನ ಕಡೆಗೆ ಹೋಗುವ 93ನೇ ರಾಜಮಾರ್ಗವು ಅವುಗಳ ಹಾದಿಯನ್ನು ಅಡ್ಡಗಡಿದಿದೆ. ಆ ಮಾರ್ಗವನ್ನು ಅಗಲಿಸಬೇಕೆಂದಾದಾಗ ವನ್ಯಮೃಗಗಳ ಇಲಾಖೆಯವರು ಮೊದಲು ಕೆಲವು ಕುರಿಗಳನ್ನು ಹಿಡಿದು, ಅವು ಇರುವ ಸ್ಥಳವನ್ನು ಉಪಗ್ರಹದ ಮೂಲಕ ತಿಳಿಸುವ ಪಟ್ಟಿಗಳನ್ನು ಕೊರಳಿಗೆ ಕಟ್ಟಿ ಬಿಟ್ಟರು. ಅವು ಎಲ್ಲಿ ದಾಟುತ್ತಿದ್ದವೆಂದು ಹೀಗೆ ತಿಳುಕೊಂಡು, 2011ರೊಳಗೆ ಮೂರು ಮೇಲ್ಸೇತುವೆಗಳನ್ನು ಕಟ್ಟಿ, ಅವುಗಳ ಕಡೆಗೆ ಕುರಿಗಳನ್ನು ತಿರುಗಿಸುವ ಬೇಲಿಯನ್ನೂ ಹಾಕಿದರು. ಸಮೀಪದ ಇನ್ನೊಂದು ರಸ್ತೆಯ ಅಡಿಯಲ್ಲಿ ಮೊದಲು ದಾರಿಗಳನ್ನು ಮಾಡಿದ್ದರು. ಅವುಗಳನ್ನು ಕುರಿಗಳು ಅಷ್ಟಾಗಿ ಉಪಯೋಗಿಸಲಿಲ್ಲ. ಶತ್ರುವನ್ನು ದೂರದಿಂದಲೇ ಕಂಡು ಬಂಡೆಗಳಿಗೆ ಓಡಿ ಬದುಕುವ ಪ್ರಾಣಿಗೆ ನಾಲ್ಕೂ ಕಡೆ ಕಾಣದ ಸ್ಥಳ ಹೇಗೆ ಹಿಡಿಸೀತು?

ದಾನ ಮಾಡುವವನು ತನಗೆ ಅನುಕೂಲವಾದಲ್ಲಿ ಕೊಡುವನು. ಸಾಲ ತೀರಿಸುವವನಾದರೋ ಧಣಿಯ ಬಾಗಿಲಿಗೇ ಹೋಗಬೇಕು. ಕುರಿಯ ಹೆಜ್ಜೆಯನ್ನು ನೋಡಿ ಸೇತುವೆಯ ಸ್ಥಳವನ್ನು ಗೊತ್ತುಮಾಡಿದವರು, ತಿಳಿದೋ ತಿಳಿಯದೆಯೋ, ಅದನ್ನು ಋಣವೆಂದೇ ಒಪ್ಪಿಕೊಂಡರೆಂದು ನನಗೆ ತೋರುತ್ತದೆ.

ಮನುಷ್ಯರಿಗೇ ಹಣ ಸಾಲದಿರುವಾಗ ಕುರಿಗಳಿಗೆ ಸೇತುವೆಯೋ ಎಂದು ಕೆಲವರು ಆಕ್ಷೇಪಿಸುವರು. ಇದು ತಳ್ಳಿಬಿಡತಕ್ಕ ಮಾತಲ್ಲ. ಆದರೆ ರಸ್ತೆಯ ಲಾಭವನ್ನೆಲ್ಲಾ ನಮ್ಮ ಕಡೆಗೆ ಬರಕೊಂಡು ನಷ್ಟವನ್ನು ಮೃಗದ ತಲೆಗೆ ಕಟ್ಟುವದು ಕಳ್ಳ ಲೆಕ್ಕವೇ ಸರಿ.

ಬರೇ ಬೇಲಿ ಸಾಲದೋ ಎಂದೂ ಕೇಳಬಹುದು. ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ 58ನೇ ರಸ್ತೆಯ ಬದಿಯಲ್ಲಿ ಬೇಲಿ ಕಟ್ಟಿದ ಮೇಲೆ ಚಕ್ರದಡಿಯಲ್ಲಿ ಸಾಯುವ ಆಮೆಗಳು ಬಹಳ ಕಡಿಮೆಯಾದವು. ಮೊಟ್ಟೆಯಿಡುವ ಪ್ರಾಯಕ್ಕೆ ಬರಲು 12ರಿಂದ 20 ವರುಷ ಬೇಕಾಗುವ ಈ ಜಂತುವಿನಲ್ಲಿ ಒಂದೊಂದು ಸಾವೂ ದೊಡ್ಡ ನಷ್ಟವೇ. ಆದರೂ ಬೇಲಿಯು ಪ್ರಾಣವನ್ನು ಉಳಿಸಿ ದಾರಿಯನ್ನು ಮುಚ್ಚುವದು. ಆಚೆಯ ಆಮೆಗೆ ಈಚೆಯ ಆಮೆ ಇಲ್ಲದಂತಾಗುವದು. ಮಳೆನೀರು ಹರಿಯಲೆಂದು ರಸ್ತೆಯಡಿ ಇದ್ದ ಮೋರಿಗಳಿಗೆ ಆ ಬೇಲಿಯನ್ನು ಕೂಡಿಸಿದ್ದರಿಂದ, ಕೆಲವು ಆಮೆಗಳು ಬೇಲಿಯ ಅಂಚನ್ನು ಹಿಡಿದು ಬಂದು, ಮೋರಿಯೊಳಗಿಂದ ಆಚೆ ಬದಿಗೆ ನಡೆದವು.