ಮೆಚ್ಚಿನದೂ ಮೇಲಾದುದೂ

ಸಂಗೀತದ ವಿಷಯದಲ್ಲಿ ವೈರಿಗಳ ಜಗಳಕ್ಕಿಂತ ದಾಯಾದಿಗಳ ಜಗಳವೇ ಬಿರುಸು. ರಾಕ್ ಸಂಗೀತವೆಂದರೆ ಕಿವಿ ಮುಚ್ಚಿಕೊಳ್ಳುವವನು ಅದರ ವಿಷಯದಲ್ಲಿ ವಾದಕ್ಕೆ ನಿಲ್ಲುವುದಿಲ್ಲ, ಎದ್ದು ಹೊರಟುಬಿಡುತ್ತಾನೆ. ಅದಕ್ಕೇ ಮನಸೋತ ಇಬ್ಬರನ್ನು ಒಂದೆಡೆ ಕೂರಿಸಿ ನೋಡಿ. ಕಾಫಿ ಆರುವುದರೊಳಗೆ ಒಬ್ಬ ‘ಯೆಸ್’ ತಂಡದ ವಕೀಲನಾಗಿರುತ್ತಾನೆ, ಇನ್ನೊಬ್ಬ ‘ಜೆನೆಸಿಸ್’ ತಂಡದ ವಕಾಲತ್ತು ಹಿಡಿದಿರುತ್ತಾನೆ. ಮೂರನೆಯವನೊಬ್ಬ ಬಂದನೆನ್ನಿ, ‘ಕಿಂಗ್ ಕ್ರಿಮ್ಸನ್’ ಹೊರತು ಮಿಕ್ಕದ್ದೆಲ್ಲ ಮಕ್ಕಳಾಟವೆಂದು ಇಬ್ಬರ ಮೇಲೂ ತೀರ್ಪು ಹೇಳುತ್ತಾನೆ. ಇಂಥ ಕೂಟಗಳಲ್ಲಿ ನಾನು ಬಹಳ ವರ್ಷ ಕೂತಿದ್ದೇನೆ. ಬಾಯಿ ಮುಚ್ಚಿಕೊಂಡೇನೂ ಕೂತಿಲ್ಲ. ಆ ವಾದದಲ್ಲಿ ಗೆದ್ದವರನ್ನು ಮಾತ್ರ ಒಬ್ಬರನ್ನೂ ಕಂಡಿಲ್ಲ. ಹಾಗಾದರೆ ಅದು ಬರಿಯ ಕಾಲಹರಣವೆ? ‘ಇವನಿಗಿಂತ ಅವನು ಮೇಲು’ ಎಂಬ ಮಾತಿಗೆ ಸಂಗೀತದಲ್ಲಿ ಅರ್ಥವುಂಟೆ, ಇಲ್ಲವೆ?

ವಾಚಕರಲ್ಲಿ ಎಲ್ಲರಿಗೂ ಈ ಹೆಸರುಗಳ ಪರಿಚಯವಿರಲಾರದು. ಎರಡು ಮಾತು ಹೇಳುತ್ತೇನೆ. ‘ಪ್ರೊಗ್ರೆಸಿವ್ ರಾಕ್’ ಎಂದು ಹೆಸರಾದ ಈ ಸಂಗೀತ 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತಲೆಯೆತ್ತಿತು. ಮೂರು ನಿಮಿಷದ ಪ್ರೇಮಗೀತೆಯ ಚೌಕಟ್ಟು ಅದಕ್ಕೆ ಸಾಲದಾಯಿತು. ಜಾಸ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಇಂಗ್ಲಿಷ್ ಜನಪದ ಗೀತ, ಎಲ್ಲದರಿಂದಲೂ ಕಡ ತಂದು ಅದು ದೊಡ್ಡ ಮನೆ ಕಟ್ಟಹೊರಟಿತು. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಧ್ವನಿಮುದ್ರಿಕೆ ಬಂದದ್ದು 1969ರ ಅಕ್ಟೋಬರಿನಲ್ಲಿ. 1972ರಲ್ಲಿ ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ ಬಂದಾಗ ಒಂದೇ ರಚನೆ ಹದಿನೆಂಟು ನಿಮಿಷಕ್ಕೂ ಮೀರಿ ಬೆಳೆದು ತಟ್ಟೆಯ ಒಂದು ಮಗ್ಗುಲನ್ನೆಲ್ಲ ಆಕ್ರಮಿಸಿತ್ತು. ನಮ್ಮ ಕೂಟಗಳ ವಾದವೆಲ್ಲ ಕಟ್ಟಕಡೆಗೆ ಬಂದು ನಿಲ್ಲುತ್ತಿದ್ದುದು ನಾಲ್ವರು ಗಿಟಾರು ವಾದಕರಲ್ಲಿ: ಯೆಸ್ ತಂಡದ ಸ್ಟೀವ್ ಹೌ, ಜೆನೆಸಿಸ್ ತಂಡದ ಸ್ಟೀವ್ ಹ್ಯಾಕೆಟ್, ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್, ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮರ್. ನಾನು ಹ್ಯಾಕೆಟ್ ಪಕ್ಷದವನು. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಮುಂದಿನ ಮಾತುಗಳಿಂದ ಎಷ್ಟು ಕಳೆಯಬೇಕೋ ಅಷ್ಟನ್ನು ಓದುಗರು ಕಳೆದುಕೊಳ್ಳಲಿ.

ಜಗಳ ತೀರಿಸಲು ಲೋಕ ಎರಡು ಸುಲಭದ ದಾರಿ ಕಂಡುಕೊಂಡಿದೆ. ಒಂದು, ಪಟ್ಟಿ ಹಾಕುವುದು. ‘ರೋಲಿಂಗ್ ಸ್ಟೋನ್’ ಎಂಬ ಅಮೆರಿಕದ ಪತ್ರಿಕೆ 2003ರಲ್ಲಿ ನೂರು ಮಂದಿ ಶ್ರೇಷ್ಠ ಗಿಟಾರು ವಾದಕರ ಪಟ್ಟಿ ಪ್ರಕಟಿಸಿತು. ಅದರಲ್ಲಿ ಫ್ರಿಪ್ 42ನೆಯವನು, ಗಿಲ್ಮರ್ 82ನೆಯವನು. ಅದೇ ಪತ್ರಿಕೆ 2011ರಲ್ಲಿ ಬೇರೆ ತೀರ್ಪುಗಾರರನ್ನು ಕೂರಿಸಿ ಮತ್ತೆ ಪಟ್ಟಿ ಮಾಡಿಸಿತು. ಗಿಲ್ಮರ್ 14ಕ್ಕೆ ಏರಿದ್ದ. ಫ್ರಿಪ್ 62ಕ್ಕೆ ಇಳಿದಿದ್ದ. ನಡುವಿನ ಎಂಟು ವರ್ಷಗಳಲ್ಲಿ ಅವರ ಹಳೆಯ ತಟ್ಟೆಗಳಲ್ಲಿನ ಒಂದು ಸ್ವರವೂ ಅಲುಗಿರಲಿಲ್ಲ. ತಕ್ಕಡಿ ಬೇರೆಯಾಗಿತ್ತು, ಅಷ್ಟೆ. ಇನ್ನು ಸ್ಟೀವ್ ಹೌನನ್ನು ‘ಗಿಟಾರ್ ಪ್ಲೇಯರ್’ ಪತ್ರಿಕೆಯ ಓದುಗರು 1977ರಿಂದ 1981ರವರೆಗೆ ಸತತವಾಗಿ ಐದು ವರ್ಷ ಸರ್ವಶ್ರೇಷ್ಠನೆಂದು ಆರಿಸಿದ್ದರು. ಅವನ ಪಕ್ಷದವರು ಈ ಸಂಗತಿಯನ್ನು ಆಸ್ತಿಯ ಪತ್ರದಂತೆ ಜೇಬಿನಲ್ಲಿಯೇ ಇಟ್ಟುಕೊಂಡು ತಿರುಗುತ್ತಾರೆ. ತಲೆ ಎಣಿಸುವುದೇ ಪ್ರಮಾಣವಾದರೆ ಪಿಂಕ್ ಫ್ಲಾಯ್ಡಿನ ಮುಂದೆ ಯಾರು ನಿಂತಾರು? ಅವರ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ 1988ರ ವರೆಗಿನ ಅವಧಿಯಲ್ಲಿ 741 ವಾರ ಅಮೆರಿಕದ ಮಾರಾಟದ ಪಟ್ಟಿಯಲ್ಲಿತ್ತು. ಇದಕ್ಕೆ ಮರುಮಾತಿಲ್ಲ, ಕಿವಿಗೆ ಕೆಲಸವೂ ಇಲ್ಲ.

ಇನ್ನೊಂದು ದಾರಿ ಇನ್ನೂ ಸುಲಭದ್ದು. ‘ರುಚಿ ಒಬ್ಬೊಬ್ಬರಿಗೆ ಒಂದೊಂದು, ಇದರಲ್ಲಿ ವಾದವೇನು ಬಂತು?’ ಎಂದು ಕೈ ತೊಳೆದುಕೊಳ್ಳುವುದು. ಕೇಳುವುದಕ್ಕೆ ಉದಾರವಾದ ಮಾತು. ನನಗೆ ಇದರಲ್ಲಿ ಔದಾರ್ಯಕ್ಕಿಂತ ಸೋಮಾರಿತನವೇ ಹೆಚ್ಚಾಗಿ ಕಾಣುತ್ತದೆ. ಒಬ್ಬನು ತಿಂಗಳುಗಟ್ಟಲೆ ಕೂತು ಕಟ್ಟಿದ ರಚನೆಯನ್ನು ಉಪ್ಪಿನಕಾಯಿಯ ಪಕ್ಕದಲ್ಲಿಟ್ಟು, ನಿನಗೆ ಮಾವು, ನನಗೆ ನಿಂಬೆ ಎಂದಂತೆ. (ಉಪ್ಪಿನಕಾಯಿಯನ್ನೇನೂ ನಾನು ಹಗುರವಾಗಿ ಕಾಣುವವನಲ್ಲ, ಆ ವಿಷಯದಲ್ಲಿಯೂ ನಮ್ಮ ಮನೆಯಲ್ಲಿ ವಾದ ನಡೆಯುತ್ತದೆ.) ರುಚಿಯೊಂದೇ ಸತ್ಯವಾದರೆ ವಾದಕನು ತಿದ್ದಿ ತಿದ್ದಿ ಬಾರಿಸುವುದೇಕೆ? ಪಿಂಕ್ ಫ್ಲಾಯ್ಡಿನ ‘ಕಂಫರ್ಟಬ್ಲಿ ನಂಬ್’ 1979ರದ್ದು. ಅದರ ಕೊನೆಯ ಗಿಟಾರು ವಾದನ ಒಂದೇ ಉಸಿರಿನಲ್ಲಿ ಹೊಮ್ಮಿದ ಉದ್ಗಾರವೆಂದು ಎಂಥವನಿಗೂ ಅನಿಸಬೇಕು. ಅದು ಹಾಗಲ್ಲ. ಗಿಲ್ಮರ್ ಐದಾರು ಸಲ ಬೇರೆ ಬೇರೆಯಾಗಿ ಬಾರಿಸಿ, ಒಂದೊಂದನ್ನೂ ತುಣುಕು ತುಣುಕಾಗಿ ಕೇಳಿ, ಚೆನ್ನಾದವಕ್ಕೆ ಗುರುತು ಹಾಕಿ, ಅವನ್ನು ಜೋಡಿಸಿದ. ಅವನೇ ಹೇಳಿಕೊಂಡ ಸಂಗತಿಯಿದು. ಇದನ್ನು ತಿಳಿದು ಮೋಸಹೋದಂತೆ ಮುಖ ಸಣ್ಣ ಮಾಡಿಕೊಂಡವರನ್ನು ನಾನು ಬಲ್ಲೆ. ನನಗೆ ಅವನಲ್ಲಿ ಗೌರವ ಹೆಚ್ಚಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತೇವೆ. ಇಲ್ಲಿ ಹೆತ್ತವನೇ ಹೆಗ್ಗಣಗಳನ್ನು ಹುಡುಕಿ ಹೊರಗೆ ಹಾಕಿದ್ದಾನೆ. ಇದಕ್ಕಿಂತ ಅದು ಮೇಲು ಎಂಬ ತೀರ್ಪು ಸುಳ್ಳಾಗಿದ್ದರೆ ಆ ವಾದನವೇ ಹುಟ್ಟುತ್ತಿರಲಿಲ್ಲ. ಮಾಡುವವನಿಗೆ ಇರುವ ಈ ವಿವೇಕ ಕೇಳುವವನಿಗೆ ಮಾತ್ರ ಯಾಕೆ ಬೇಡ?

ತೊಡಕಿರುವುದು ಬೇರೆ ಕಡೆ. ಮೆಚ್ಚಿನದು ಬೇರೆ, ಮೇಲಾದುದು ಬೇರೆ. ನಮ್ಮ ಬಾಯಲ್ಲಿ ಎರಡೂ ಒಂದೇ ಮಾತಾಗಿ ಹೊರಡುತ್ತವೆ. ಜೆನೆಸಿಸ್ ತಂಡದ ‘ಫರ್ತ್ ಆಫ್ ಫಿಫ್ತ್’ 1973ರದ್ದು. ಅದರಲ್ಲಿ ಹ್ಯಾಕೆಟ್ ಬಾರಿಸಿರುವ ಭಾಗವನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆ ಧಾಟಿಯನ್ನು ಕಟ್ಟಿದವನು ಹ್ಯಾಕೆಟ್ ಅಲ್ಲ, ಕೀಬೋರ್ಡು ವಾದಕ ಟೋನಿ ಬ್ಯಾಂಕ್ಸ್. ಮೊದಲು ಅದು ಪೀಟರ್ ಗೇಬ್ರಿಯಲ್‌ನ ಕೊಳಲಿನಲ್ಲಿ ತೆಳ್ಳಗೆ ಸುಳಿದುಹೋಗುತ್ತದೆ. ಆಮೇಲೆ ಗಿಟಾರು ಅದನ್ನೇ ಕೈಗೆತ್ತಿಕೊಳ್ಳುತ್ತದೆ. ಧಾಟಿ ಅದೇ, ಆದರೆ ಹ್ಯಾಕೆಟ್ ಒಂದು ಸ್ವರವನ್ನು ಹಿಡಿದರೆ ಅದು ಬತ್ತುವುದಿಲ್ಲ, ಬಯಲಿನ ಮೇಲೆ ಹದ್ದು ರೆಕ್ಕೆ ಬಡಿಯದೆ ನಿಂತಂತೆ ನಿಲ್ಲುತ್ತದೆ, ಆಮೇಲೆ ಅವಸರವಿಲ್ಲದೆ ಇಳಿಯುತ್ತದೆ. ಇದು ಮೇಲೆಂದು ವಾದಿಸುವುದಾದರೆ ನಾನು ಬೆರಳಿಟ್ಟು ತೋರಿಸಬೇಕಾದದ್ದು ಇಲ್ಲಿ, ಈ ಸ್ವರದಲ್ಲಿ. ಇದನ್ನು ಇನ್ನೊಬ್ಬನೂ ಕೇಳಬಲ್ಲ, ಕೇಳಿ ಅಲ್ಲವೆನ್ನಬಲ್ಲ. ಮೊದಲು ಕೇಳಿದಾಗ ನನಗೆ ಇಪ್ಪತ್ತು ವರ್ಷ, ಹೊರಗೆ ಮಳೆ ಹಿಡಿದಿತ್ತು ಎಂಬುದನ್ನು ಇನ್ನೊಬ್ಬನು ಕೇಳಲಾರ. ಅದು ನನ್ನ ಖಾಸಗಿ ಗಂಟು. ನಮ್ಮ ವಾದಗಳಲ್ಲಿ ಅರ್ಧಕ್ಕೆ ಮೇಲೆ ಈ ಗಂಟಿನೊಳಗಣ ಕಾಸನ್ನು ಪೇಟೆಯಲ್ಲಿ ಚಲಾಯಿಸುವ ಪ್ರಯತ್ನವೇ.

ಫ್ರಿಪ್ ಪಕ್ಷದವರು ಇಂಥ ಮೃದುಮಾತಿಗೆ ಒಗ್ಗುವುದಿಲ್ಲ. ಅವರ ಪ್ರಮಾಣ ಕಷ್ಟ. 1974ರ ‘ಫ್ರಾಕ್ಚರ್’ ಎಂಬ ರಚನೆಯಲ್ಲಿ ಸ್ವರಗಳು ಬಿಡುವಿಲ್ಲದೆ ಒಂದರ ಹಿಂದೊಂದು ಓಡುತ್ತವೆ; ಕೈ ನುರಿತವರೂ ಅದಕ್ಕೆ ಅಂಜುತ್ತಾರೆ. ಫ್ರಿಪ್ ಅದನ್ನು ಪೀಠದ ಮೇಲೆ ಕೂತು, ಗುಮಾಸ್ತನು ಲೆಕ್ಕ ಬರೆಯುವಷ್ಟು ನಿರ್ವಿಕಾರನಾಗಿ ಬಾರಿಸುತ್ತಿದ್ದ. ಕಷ್ಟವಾದದ್ದೆಲ್ಲ ಶ್ರೇಷ್ಠವೆಂದರೆ ದೊಂಬರವನ ಹಗ್ಗದ ನಡಿಗೆಗೆ ಮೊದಲ ಬಹುಮಾನ ಕೊಡಬೇಕಾಗುತ್ತದೆ. ಆದರೂ ಈ ಒಂದು ರಚನೆಯಲ್ಲಿ ಅವರ ಪಕ್ಷಕ್ಕೆ ಬಲವಿದೆ: ಆ ಬಿಗಿತವನ್ನು ಅಷ್ಟು ಹೊತ್ತು ಸಹಿಸಿಕೊಂಡಿದ್ದರಿಂದಲೇ ಕೊನೆಯಲ್ಲಿ ಅದು ಸಿಡಿಯುವುದಕ್ಕೆ ಅರ್ಥ ಬರುತ್ತದೆ.

ಇದಿಷ್ಟೂ ಸಂಗೀತದ ಮಾತು. ವಾದದಲ್ಲಿ ಸಂಗೀತಕ್ಕೆ ಸಂಬಂಧಪಡದ ಇನ್ನೊಂದು ಸರಕು ಸೇರಿಕೊಳ್ಳುತ್ತದೆ. 1970ರ ದಶಕದ ನಡುವಿನಲ್ಲಿ ಜಾನ್ ಲೈಡನ್ ಎಂಬ ಲಂಡನಿನ ಹುಡುಗ ಪಿಂಕ್ ಫ್ಲಾಯ್ಡ್ ಚಿತ್ರದ ಅಂಗಿಯೊಂದರ ಮೇಲೆ ‘ನಾನು ದ್ವೇಷಿಸುತ್ತೇನೆ’ ಎಂದು ಬರೆದು ತೊಟ್ಟುಕೊಂಡ. ಮುಂದೆ ಅವನೇ ‘ಸೆಕ್ಸ್ ಪಿಸ್ಟಲ್ಸ್’ ತಂಡದ ಜಾನಿ ರಾಟನ್. ಉದ್ದುದ್ದ ರಚನೆಗಳ ಕಾಲ ಮುಗಿಯಿತೆಂಬುದಕ್ಕೆ ಆ ಅಂಗಿಯೇ ನಿಶಾನೆಯಾಯಿತು. 1977ರಲ್ಲಿ ಲಂಡನಿನ ಕ್ಯಾಪಿಟಲ್ ರೇಡಿಯೋ ಅವನನ್ನು ಕರೆದು ಅವನ ಮೆಚ್ಚಿನ ತಟ್ಟೆಗಳನ್ನು ಕೇಳಿಸಲು ಹೇಳಿತು. ಅವನು ಹಾಕಿದವುಗಳಲ್ಲಿ ಪೀಟರ್ ಹ್ಯಾಮಿಲ್‌ನ ಹಾಡುಗಳಿದ್ದವು! ಹ್ಯಾಮಿಲ್ ಎಂದರೆ ‘ವ್ಯಾನ್ ಡರ್ ಗ್ರಾಫ್ ಜನರೇಟರ್’ ಎಂಬ ಅಪ್ಪಟ ಪ್ರೊಗ್ರೆಸಿವ್ ತಂಡದ ಹಾಡುಗಾರ. ಅಂಗಿಯದು ಒಂದು ಮತ, ಕಿವಿಯದು ಇನ್ನೊಂದು. ಅವನನ್ನು ನಾನು ನಗುವುದಿಲ್ಲ. ರೇಡಿಯೋದಲ್ಲಿ ಕಿವಿಯ ಮಾತನ್ನೇ ಆಡಿದನಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಅಂಗಿ ಕಳಚುವುದೇ ಇಲ್ಲ. ಫ್ರಿಪ್‌ನನ್ನು ಹೊಗಳಿದರೆ ತಾನು ಜಾಣನೆಂದೂ, ಗಿಲ್ಮರ್‌ನನ್ನು ಹೊಗಳಿದರೆ ಹೃದಯವಂತನೆಂದೂ ನಾಲ್ಕು ಜನಕ್ಕೆ ತಿಳಿಯಲಿ ಎಂಬ ಆಸೆ. ಅಲ್ಲಿ ತೂಗುತ್ತಿರುವುದು ಗಿಟಾರನ್ನಲ್ಲ.

ಹಾಗಾದರೆ ನನಗೆ ಒಗ್ಗದ ಸಂಗೀತಕ್ಕೆ ನಾನು ನ್ಯಾಯ ಸಲ್ಲಿಸಬೇಕಾದ ಋಣವೇನಾದರೂ ಇದೆಯೆ? ಇದೆ ಎಂದೇ ನನ್ನ ಎಣಿಕೆ. ಪ್ರೀತಿಸಬೇಕಾದ ಋಣವಿಲ್ಲ, ಪ್ರೀತಿಯನ್ನು ಯಾರೂ ವಸೂಲು ಮಾಡಲಾರರು. ಆದರೆ ಬಾಯಿಬಿಟ್ಟು ತೀರ್ಪು ಹೇಳುವವನು ಪೂರ್ತಿ ಕೇಳಿರಬೇಕು. ಯೆಸ್ ತಂಡದ ‘ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಷನ್ಸ್’ ಈ ಮಾತಿಗೆ ಒರೆಗಲ್ಲು. 1973ರಲ್ಲಿ ಜಪಾನಿನ ಪ್ರವಾಸದಲ್ಲಿದ್ದಾಗ ಹಾಡುಗಾರ ಜಾನ್ ಆಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಒಂದು ಅಡಿಟಿಪ್ಪಣಿ ಓದಿದ. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂಬ ನಾಲ್ಕು ಬಗೆಯ ಶಾಸ್ತ್ರಗಳ ವಿಚಾರ ಅದು. ಅಷ್ಟರಿಂದ ಎಂಬತ್ತು ನಿಮಿಷದ ಸಂಗೀತ ಹುಟ್ಟಿತು: ಎರಡು ತಟ್ಟೆ, ನಾಲ್ಕು ಮಗ್ಗುಲು, ಮಗ್ಗುಲಿಗೊಂದು ರಚನೆ. ನಮ್ಮ ಪಂಡಿತರು ಅಡಿಟಿಪ್ಪಣಿಯಿಂದ ಜಗಳ ಹುಟ್ಟಿಸಿದ್ದುಂಟು. ಇಷ್ಟು ಸಂಗೀತ ಹುಟ್ಟಿಸಿದ್ದನ್ನು ನಾನು ಕೇಳಿಲ್ಲ. ತಂಡದ ಕೀಬೋರ್ಡು ವಾದಕ ರಿಕ್ ವೇಕ್‌ಮನ್‌ಗೇ ಅದು ಹಿಡಿಸಲಿಲ್ಲ. 1974ರಲ್ಲಿ ಅವನು ತಂಡ ಬಿಟ್ಟ. ಹೊರಗಿನವರಲ್ಲಿ ಅರ್ಧ ಮಂದಿಗೆ ಅದು ಶಿಖರ, ಅರ್ಧ ಮಂದಿಗೆ ಪ್ರಪಾತ.

ನನಗೆ ಅದು ಈಗಲೂ ಉದ್ದವೇ. ಎರಡನೆಯ ಮಗ್ಗುಲಿನಲ್ಲಿ ನನ್ನ ಮನಸ್ಸು ತರಕಾರಿಯ ಲೆಕ್ಕಕ್ಕೆ ಹೋಗಿಬಿಡುತ್ತದೆ. ಹೌ ಪಕ್ಷದ ನನ್ನ ಸ್ನೇಹಿತರೊಬ್ಬರೊಡನೆ ಇದನ್ನು ಹೇಳಿದಾಗ ಅವರು ಓದುಗರ ಮತದ ಮಾತು ಎತ್ತಲಿಲ್ಲ, ನನ್ನ ಸಂಸ್ಕಾರವನ್ನು ಪ್ರಶ್ನಿಸಲಿಲ್ಲ. ‘ಮೂರನೆಯ ಮಗ್ಗುಲಿನ ಕೊನೆಯ ಐದಾರು ನಿಮಿಷ ಕೇಳಿ, ಗದ್ದಲವೆಲ್ಲ ಅಡಗಿ ಅವನ ಕೈಯಲ್ಲಿ ಬರಿಯ ಮರದ ಗಿಟಾರು ಉಳಿಯುತ್ತದೆ’ ಎಂದರು. ಕೇಳಿದೆ. ಕೋಲಾಹಲವೊಂದು ಹಿಂದೆ ಸರಿದು, ವಿದ್ಯುತ್ತಿನ ಹಂಗಿಲ್ಲದ ತಂತಿಗಳ ಮೇಲೆ ಬೆರಳುಗಳು ಸ್ವಚ್ಛವಾಗಿ ನಡೆಯುತ್ತವೆ. ಅನಂತರ ಹಾಡು ಬರುತ್ತದೆ. ಪಕ್ಷ ಬದಲಾಯಿಸಿಲ್ಲ. ಅಷ್ಟು ಭಾಗವನ್ನು ಮಾತ್ರ ಆಗಾಗ ಹಾಕಿಕೊಳ್ಳುತ್ತೇನೆ. ಅವರಿಗೆ ಪ್ರತಿಯಾಗಿ ‘ಫರ್ತ್ ಆಫ್ ಫಿಫ್ತ್’ ಕೇಳಿಸಿದ್ದಾಯಿತು. ಆ ದೀರ್ಘಸ್ವರ ಬಂದಾಗ ಕಣ್ಣು ಮುಚ್ಚಿದರು, ತಲೆದೂಗಲಿಲ್ಲ. ಮುಗಿದ ಮೇಲೆ, ‘ಚೆನ್ನಾಗಿದೆ, ಆದರೆ...’ ಎಂದು ಶುರುಮಾಡಿದರು. ಆ ‘ಆದರೆ’ ಇನ್ನೂ ನಡೆಯುತ್ತಿದೆ.