ಎರಡು ಕಲ್ಪನೆಯ ನಾಡು, ಎರಡು ಕಾರ್ಮಿಕ ಹಬ್ಬ

ಎಡ್ವರ್ಡ್ ಬೆಲ್ಲಮಿ ಕಲ್ಪಿಸಿದ ಅಮೆರಿಕದಲ್ಲಿ ಅಕ್ಟೋಬರ್ 15 ವರ್ಷದ ಅತಿ ದೊಡ್ಡ ದಿನ. 21 ತುಂಬಿದವರು ಅಂದು ದೇಶದ ‘ಕೈಗಾರಿಕಾ ಸೇನೆ’ಗೆ ಸೇರುತ್ತಾರೆ. 24 ವರ್ಷ ದುಡಿದು 45 ಮುಟ್ಟಿದವರನ್ನು ಗೌರವದಿಂದ ಬೀಳ್ಕೊಡಲಾಗುತ್ತದೆ. 1888ರಲ್ಲಿ ಪ್ರಕಟವಾದ ‘ಲುಕಿಂಗ್ ಬ್ಯಾಕ್‌ವರ್ಡ್’ ಕಾದಂಬರಿ ಈ ಹಬ್ಬವನ್ನು ಮಸ್ಟರ್ ದಿನ ಎಂದು ಕರೆಯುತ್ತದೆ. 1887ರ ಬಾಸ್ಟನ್ನಿನಲ್ಲಿ ನಿದ್ದೆಹೋದ ಜೂಲಿಯನ್ ವೆಸ್ಟ್ 2000ನೇ ಇಸವಿಯಲ್ಲಿ ಕಣ್ಣು ಬಿಟ್ಟಾಗ ಬಡವರಿಲ್ಲ, ಮುಷ್ಕರವಿಲ್ಲ, ರಾಷ್ಟ್ರದ ಸಂಪತ್ತಿನಲ್ಲಿ ಎಲ್ಲರಿಗೂ ಸಮಪಾಲು. ಗಣಿಯಂಥ ಕಷ್ಟದ ಕೆಲಸಕ್ಕೆ ದುಡಿಮೆಯ ಗಂಟೆಗಳೇ ಕಡಿಮೆ.

ಈ ಕನಸು ಹುಟ್ಟಿದ ಕಾಲ ಕ್ರೂರವಾಗಿತ್ತು. ಬೆಲ್ಲಮಿ ಮ್ಯಾಸಚೂಸೆಟ್ಸ್‌ನ ಚಿಕಪೀ ಫಾಲ್ಸ್ ಎಂಬ ಗಿರಣಿ ಊರಿನವರು. ಅವರ ರಾಜ್ಯ 1887ರಲ್ಲಿ ಕಾರ್ಮಿಕ ದಿನಕ್ಕೆ ರಜೆ ಘೋಷಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ, ಷಿಕಾಗೋದ ಕಾರ್ಮಿಕ ಸಭೆಯೊಂದರಲ್ಲಿ ಬಾಂಬು ಸಿಡಿದ ಹೇಮಾರ್ಕೆಟ್ ಪ್ರಕರಣದಲ್ಲಿ ನಾಲ್ವರು ಗಲ್ಲಿಗೇರಿದರು. ಎಂಟು ಗಂಟೆಯ ದುಡಿಮೆ ಕೇಳಿದ ಚಳವಳಿಯಿಂದ ಬಂದವರು ಅವರು. ಒಂದೇ ದೇಶ ಕಾರ್ಮಿಕನಿಗೆ ಹಬ್ಬವನ್ನೂ ಕೊಟ್ಟಿತು, ನೇಣನ್ನೂ ಕೊಟ್ಟಿತು. ಹಾಗಾದರೆ ಶ್ರಮಕ್ಕೆ ಸಲ್ಲುವ ಗೌರವವನ್ನು ಯಾವುದರಿಂದ ಅಳೆಯಬೇಕು? ಮೆರವಣಿಗೆಯಿಂದಲೇ, ಅಥವಾ ಮೆರವಣಿಗೆ ಮುಗಿದ ಮರುದಿನದಿಂದಲೇ?

ಬೆಲ್ಲಮಿಯ ನಾಡು ಈ ಪರೀಕ್ಷೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅಲ್ಲಿ ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲ, ನಿಜ. ಆದರೆ ಸೇನೆಯಲ್ಲಿ ದುಡಿಯುತ್ತಿರುವವರಿಗೆ ರಾಷ್ಟ್ರಾಧ್ಯಕ್ಷರನ್ನು ಆರಿಸುವ ಮತವಿಲ್ಲ. ಮತ ಕೊಟ್ಟರೆ ಶಿಸ್ತು ಕೆಡುತ್ತದೆ ಎಂಬುದು ಕೊಟ್ಟ ಕಾರಣ. ದುಡಿದು ಹೊರಬಿದ್ದ ಮೇಲೆ ಆ ಹಕ್ಕು ಬರುತ್ತದೆ. ಮಸ್ಟರ್ ದಿನದ ಸಂಭ್ರಮವನ್ನು ಈ ಬೆಳಕಿನಲ್ಲಿ ನೋಡಿದರೆ ಒಳಗಿನ ನಂಬಿಕೆ ಕಾಣುತ್ತದೆ: ದುಡಿಮೆ ತೀರಿಸಬೇಕಾದ ಸಾಲ, ಬದುಕು ಶುರುವಾಗುವುದು 45ರ ನಂತರ. ಆ ಹಬ್ಬ ಗೌರವಿಸುವುದು ಕೆಲಸ ಬಿಟ್ಟವನನ್ನು. ಕೆಲಸ ಮಾಡುತ್ತಿರುವವನು ಇನ್ನೂ ಕಾಯಬೇಕು.

ಇದನ್ನು ಮೊದಲು ಹಿಡಿದು ಕೇಳಿದವರಲ್ಲಿ ಇಂಗ್ಲೆಂಡಿನ ಸಮಾಜವಾದಿ ಲೇಖಕ ವಿಲಿಯಂ ಮಾರಿಸ್ ಒಬ್ಬರು. ‘ಕಾಮನ್‌ವೀಲ್’ ಪತ್ರಿಕೆಯಲ್ಲಿ 1889ರಲ್ಲಿ ಬರೆದ ವಿಮರ್ಶೆಯಲ್ಲಿ ಅವರ ತಕರಾರು ಸ್ಪಷ್ಟವಾಗಿತ್ತು. ಕಡಿಮೆಯಾಗಬೇಕಾದದ್ದು ಕೆಲಸವಲ್ಲ, ಕೆಲಸದೊಳಗಿನ ನೋವು. ಮರುವರ್ಷ ಅದೇ ಪತ್ರಿಕೆಯಲ್ಲಿ ಅವರದೇ ಕಾದಂಬರಿ ‘ನ್ಯೂಸ್ ಫ್ರಮ್ ನೋವೇರ್’ ಧಾರಾವಾಹಿಯಾಗಿ ಬಂತು. ಮಾರಿಸರ ನಾಡಿನಲ್ಲಿ ಥೇಮ್ಸ್ ನದಿಯ ಅಂಬಿಗ ಕೂಲಿಯ ನಾಣ್ಯ ಬೇಡವೆನ್ನುತ್ತಾನೆ. ಚಿನ್ನದ ಕಸೂತಿಯ ಉಡುಪು ತೊಟ್ಟು ಗತ್ತಿನಿಂದ ಬರುವ ಬಾಫಿನ್‌ನ ಕಸುಬು ಊರಿನ ಕಸ ಸಾಗಿಸುವುದು. ಮೇ 1ರಂದು ಪೂರ್ವ ಲಂಡನ್ನಿನ ಜನ, ಹಿಂದೆ ಅತಿ ಹೀನ ಕೊಳೆಗೇರಿಗಳಿದ್ದ ಜಾಗದಲ್ಲೇ ಸೇರಿ ಉಂಡು ಕುಣಿಯುತ್ತಾರೆ. ಹೂ ಮುಡಿದ ಹುಡುಗಿಯೊಬ್ಬಳು ಅಲ್ಲಿ ಹಳೆಯ ಸಂಕಟದ, ಸಿಟ್ಟಿನ ಹಾಡುಗಳನ್ನು ಹಾಡುತ್ತಾಳೆ. ಆ ಹಾಡಿನ ಅರ್ಥ ಅವಳಿಗೇ ಆಗುವುದಿಲ್ಲ, ಏಕೆಂದರೆ ಅಂಥ ಬದುಕನ್ನು ಅವಳು ಊಹಿಸಲೂ ಆರಳು.

ಎರಡರಲ್ಲಿ ಮಾರಿಸರ ಹಬ್ಬವೇ ಹೆಚ್ಚು ಸತ್ಯವಾದದ್ದು. ಅದು ನೋವನ್ನು ಮರೆಯುವುದಿಲ್ಲ. ಆದರೆ ಆ ನೋವು ಇಲ್ಲವಾದ ಮೇಲೆ ನಡೆಯುತ್ತದೆ.

ನೋವು ಇರುವಾಗಲೇ ಹಬ್ಬ ಮಾಡುವುದು ಹೇಗೆ? ಈ ಕಗ್ಗಂಟು ಮಾರಿಸರಿಗೂ ಎದುರಾಗಿತ್ತು. 1890ರಲ್ಲಿ ಕಾರ್ಮಿಕ ದಿನವಾದ ಮೇ 1 ಗುರುವಾರ ಬಂತು. ಲಂಡನ್ನಿನ ಬಹುಪಾಲು ಕಾರ್ಮಿಕ ಸಂಘಗಳು ಭಾನುವಾರ, ಮೇ 4ಕ್ಕೆ, ಹೈಡ್ ಪಾರ್ಕಿನಲ್ಲಿ ಸಭೆ ಇಟ್ಟುಕೊಂಡವು. ಮಾರಿಸರ ಸೋಷಲಿಸ್ಟ್ ಲೀಗ್ ಮಾತ್ರ ಗುರುವಾರವೇ ಆಗಬೇಕೆಂದಿತು. ತಾತ್ವಿಕವಾಗಿ ಲೀಗಿನ ಹಟ ಸರಿ: ಹೇಗೂ ಬಿಡುವಿರುವ ದಿನ ಸೇರಿದರೆ ಮಾಲೀಕನಿಗೆ ಏನೂ ತಟ್ಟುವುದಿಲ್ಲ. ಆದರೆ ಒಂದು ದಿನದ ಕೂಲಿ ತಪ್ಪಿದರೆ ಒಲೆ ಹತ್ತದ ಮನೆಯವನು ಭಾನುವಾರವನ್ನು ಆರಿಸಿಕೊಂಡರೆ ಅವನನ್ನು ಅಂಜುಬುರುಕ ಎನ್ನಲಾಗದು. ಸಂಬಳವಿಲ್ಲದ ರಜೆಯ ಖರ್ಚು ಬೀಳುವುದು ಕಾರ್ಮಿಕನ ತಲೆಯ ಮೇಲೆಯೇ.

ಸರ್ಕಾರಗಳು ಕೊಡುವ ರಜೆಗೆ ಬೇರೆ ಉದ್ದೇಶಗಳೂ ಇರಬಲ್ಲವು. 1894ರ ಜೂನ್ 28ರಂದು ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಕಾರ್ಮಿಕ ದಿನದ ಕಾಯ್ದೆಗೆ ಸಹಿ ಹಾಕಿದರು. ಆಗ ಪುಲ್‌ಮನ್ ರೈಲು ಮುಷ್ಕರ ನಡೆದಿತ್ತು. ವಾರ ಕಳೆಯುವುದರೊಳಗೆ ಅದನ್ನು ಮುರಿಯಲು ಅವರೇ ಷಿಕಾಗೋಗೆ ಸೈನ್ಯ ಕಳಿಸಿದರು.

ಆದ್ದರಿಂದ ಯಾವುದೇ ದೇಶದ ಕಾರ್ಮಿಕ ದಿನಕ್ಕೆ, ಅದು ಕಲ್ಪನೆಯದಿರಲಿ ನಿಜದ್ದಿರಲಿ, ಹಾಕಬೇಕಾದ ಪ್ರಶ್ನೆಗಳು ಸರಳ. ಅಂದು ಯಾರು ಕೆಲಸದ ಮೇಲಿದ್ದಾರೆ? ರಜೆ ಪಡೆದವರಿಗೆ ಕೂಲಿ ಸಿಕ್ಕಿತೇ? ಉಳಿದ ದಿನಗಳಲ್ಲಿ ತಮ್ಮ ಕೆಲಸದ ಬಗ್ಗೆ ಅವರ ಮಾತು ನಡೆಯುತ್ತದೆಯೇ? ಬೆಂಗಳೂರಿನಲ್ಲಿ ಮೇ 1ರಂದು ಕಚೇರಿಗಳ ಬಾಗಿಲು ಮುಚ್ಚಿರುತ್ತದೆ, ಊಟ ತಂದುಕೊಡುವ ಹುಡುಗರ ಬೈಕು ಓಡುತ್ತಲೇ ಇರುತ್ತದೆ. ಆದರೂ ಆ ದಿನವನ್ನು ಸರಿಯಾಗಿ ಬಳಸಿದ ಉದಾಹರಣೆಯೂ ಇದೇ ಊರಿನಲ್ಲಿದೆ. 2025ರ ಮೇ 1ರಂದು ನಗರದ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ನೀಡಲಾಯಿತು. ವರ್ಷಗಟ್ಟಲೆ ಹೋರಾಡಿ ಪಡೆದ ಆ ಪತ್ರ ಅವರ ಉಳಿದೆಲ್ಲ ದಿನಗಳನ್ನು ಬದಲಿಸುತ್ತದೆ. ಕಸದ ಆಟೋ ಓಡಿಸುವವರಿಗೂ, ಕಸ ಎತ್ತಿ ತುಂಬುವವರಿಗೂ ಅಂಥದೇ ಭದ್ರತೆ ಸಿಗಬೇಕು. ಅದನ್ನು ಅವರ ಪರವಾಗಿ ಕೇಳುವ ಕೆಲಸ ಮೇ 1ರಂದು ರಜೆಯಲ್ಲಿರುವ ನಮ್ಮೆಲ್ಲರದೂ ಹೌದು.