ಕೆರೆಯ ನೀರೂ ಕೆರೆಯ ಹಾಡೂ

ವಿಜ್ಞಾನಶಾಸ್ತ್ರಗಳು ಕೊಡಲಾರದ ತಿಳಿವೊಂದನ್ನು ಕಾವ್ಯ, ಚರಿತ್ರೆ, ದರ್ಶನ ಮೊದಲಾದ ಮಾನವವಿದ್ಯೆಗಳು ಕೊಡಬಲ್ಲವೆ? ಅಥವಾ ಅವು ಬಿಡುವಿನ ವೇಳೆಯ ವಿನೋದಮಾತ್ರವೆ? ಈ ಪ್ರಶ್ನೆಯನ್ನು ಪೆರೇಸಂದ್ರದ ಸುತ್ತಣ ಯಾವುದಾದರೊಂದು ಕೆರೆಯ ಏರಿಯ ಮೇಲೆ ನಿಂತು ವಿಚಾರಮಾಡಬಹುದು.

ನಮ್ಮದು ಜೀವನದಿಯಿಲ್ಲದ ಸೀಮೆ. ಪೂರ್ವಿಕರು ಕೆರೆಗಳನ್ನು ಕಟ್ಟಿ ಬಾಳಿದರು; ನಾವು ಕೊಳವೆಬಾವಿಗಳನ್ನು ಕೊರೆದು ಸಾವಿರ ಅಡಿಗೂ ಕೆಳಕ್ಕೆ ಇಳಿದೆವು. ಅಲ್ಲಿ ದೊರೆತ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕುದಲ್ಲ, ಹಲ್ಲಿಗೂ ಎಲುಬಿಗೂ ಕೇಡು ಎಂದು ಎಚ್ಚರಿಸಿದುದು ವಿಜ್ಞಾನ. ಯಾವ ಕವಿಯೂ ಇದನ್ನು ನಾಲಗೆಯ ರುಚಿಯಿಂದ ಕಂಡುಹಿಡಿಯಲಾರನು. ಈ ಉಪಕಾರವನ್ನು ಮರೆಯುವುದು ಕೃತಘ್ನತೆಯೇ ಸರಿ.

ಇನ್ನು 'ಕೆರೆಗೆ ಹಾರ' ಎಂಬ ಜನಪದ ಕಥನಗೀತವನ್ನು ನೆನೆಯೋಣ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದು. ಬಲಿ ಬೇಕೆಂಬ ಮಾತು ಹುಟ್ಟುತ್ತದೆ. ಗಂಡನು ದಂಡಿನಲ್ಲಿರುವ ಕಿರಿಯ ಸೊಸೆ ಭಾಗೀರಥಿಯನ್ನು ಹಿರಿಯರು ಆರಿಸುತ್ತಾರೆ. ಆಕೆ ತೌರಿಗೆ ಹೋಗಿಯೂ ತಂದೆತಾಯಿಗಳ ಮುಂದೆ ನಿಜವನ್ನಾಡಲಾರಳು. ಗೆಳತಿಗೆ ಮಾತ್ರ ಹೇಳುತ್ತಾಳೆ. ಆ ಗೆಳತಿಯೂ ಸಹಿಸಿಕೊಳ್ಳೆನ್ನುತ್ತಾಳೆ.

ಬಲಿಯಿಂದ ನೀರು ಬರುತ್ತದೆಂಬುದು ಸುಳ್ಳು. ಅದನ್ನು ಸುಳ್ಳೆಂದು ತೋರಿಸಿದುದೂ ವಿಜ್ಞಾನವೇ. ನೀರಿನ ವಿಷಯದಲ್ಲಿ ಹಾಡು ನಮಗೆ ಪ್ರಮಾಣವಲ್ಲ. ಆದರೆ ಮನುಷ್ಯರ ವಿಷಯದಲ್ಲಿ? ಸ್ವಭಾವದಿಂದ ಕ್ರೂರರಲ್ಲದ ಮನೆಯವರೇ ಎಲ್ಲರ ಹಿತದ ಹೆಸರಿನಲ್ಲಿ ಬಾಯಿಲ್ಲದವಳೊಬ್ಬಳನ್ನು ಹೇಗೆ ಒಪ್ಪಿಸಿಬಿಡುತ್ತಾರೆ, ಅವಳ ಮೌನವನ್ನೇ ಹೇಗೆ ಸಮ್ಮತಿಯೆಂದು ಎಣಿಸುತ್ತಾರೆ ಎಂಬುದನ್ನು ಆ ಹಾಡು ಅವಳ ಒಳಗಿನಿಂದ ಕಾಣಿಸುತ್ತದೆ.

ಇದು ಮರುಕವೇ ಹೊರತು ತಿಳಿವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಇಂದಿನ ನಮ್ಮ ಕೆರೆಗಳನ್ನೇ ನೋಡಿರಿ. ಹೆಬ್ಬಾಳ–ನಾಗವಾರ ಯೋಜನೆಯ ಮೂಲಕ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗಿದೆ. ಮೂರನೆಯ ಹಂತದ ಶುದ್ಧಿಯೂ ಬೇಕೆಂದು ರೈತರು ಕೇಳಿದ್ದಾರೆ. ಆ ನೀರಿನಲ್ಲಿ ಏನಿದೆ ಎಂಬುದನ್ನು ಅಳೆಯಬಹುದು. ಆದರೆ ಉಳಿದ ಅಪಾಯವನ್ನು ಯಾರು ಹೊರತಕ್ಕುದು, ಅವರನ್ನು ಕೇಳಿದವರಾರು ಎಂಬುದಕ್ಕೆ ಅಳತೆಗೋಲಿಲ್ಲ. ಇದನ್ನು ಕೇಳಬೇಕೆಂದು ತೋಚುವುದಕ್ಕೇ ಭಾಗೀರಥಿಯನ್ನು ಬಲ್ಲ ಮನಸ್ಸು ಬೇಕು. ಪ್ರಶ್ನೆಯನ್ನು ಹುಟ್ಟಿಸುವ ಈ ಕಾಣ್ಕೆಯೂ ತಿಳಿವೇ ತಾನೆ?

ಹಾಡೂ ತಪ್ಪಬಹುದು, ತ್ಯಾಗವನ್ನು ಅಲಂಕರಿಸಿ ಅನ್ಯಾಯವನ್ನು ಮರೆಯಿಸಬಹುದು. ಆದುದರಿಂದ ಅದಕ್ಕೂ ವಿಮರ್ಶೆ ಅವಶ್ಯ. ಒಂದು ವಿದ್ಯೆ ಮತ್ತೊಂದರ ಕೆಲಸವನ್ನು ಮಾಡಲಾರದು, ಮತ್ತೊಂದನ್ನು ಬಿಟ್ಟು ನಡೆಯಲೂ ಆರದು.

ನಮ್ಮ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಅಣೆಕಟ್ಟು ಕಟ್ಟಿಸಿದ ಎಂಜಿನಿಯರು. ಅವರ ದಿವಾನಗಿರಿಯ ಕಾಲದಲ್ಲಿಯೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ನೀರನ್ನು ಕಟ್ಟಿ ನಿಲ್ಲಿಸಿದ ಆ ಕಾಲ ನುಡಿಯನ್ನು ಕಡೆಗಣಿಸಲಿಲ್ಲ. ನಾವೂ ಕಡೆಗಣಿಸಬಾರದು.